ಚಿಕ್ಕಬಳ್ಳಾಪುರದಿಂದ ಶ್ರೀನಗರಕ್ಕೆ ಒಬ್ಬರೇ, ಸಾದಾ ಬೈಕಿನಲ್ಲಿ: ಹೊರಡುವ ಮುಂಚಿನ ತಯಾರಿ

ಚಿಕ್ಕಬಳ್ಳಾಪುರದ ಹತ್ತಿರ ಹೈವೇ ಹತ್ತಿ ಉತ್ತರಕ್ಕೆ ಗಾಡಿ ತಿರುಗಿಸಿದರೆ, ರಸ್ತೆಯ ನಂಬರ್ ಬದಲಾಗದೆ ಶ್ರೀನಗರ ಮುಟ್ಟಬಹುದು. ಅದು ರಾಷ್ಟ್ರೀಯ ಹೆದ್ದಾರಿ 44, ದೇಶದ ಅತಿ ಉದ್ದದ ಹೆದ್ದಾರಿ. ನಮ್ಮ ಕಡೆಯವರು ದ್ರಾಕ್ಷಿ, ಹೂವು ಸಾಗಿಸಲು ದಿನಾ ಹತ್ತುವ ರಸ್ತೆಯಲ್ಲೇ ಕಾಶ್ಮೀರದ ಸೇಬಿನ ಲಾರಿಗಳೂ ಇಳಿದು ಬರುತ್ತವೆ. ಈ ವಿಷಯ ತಲೆಗೆ ಹೊಳೆದ ದಿನದಿಂದ ನನಗೆ ಆ ಕಡೆಗೆ ಹೋಗಬೇಕೆಂಬ ಆಸೆ ಹತ್ತಿತು.

ನನ್ನ ಹತ್ತಿರ ಇದ್ದದ್ದು ಆರು ವರ್ಷ ಹಳೆಯ 125 ಸಿಸಿ ಬೈಕು. ಮೊದಲ ಸಲ ಹನ್ನೊಂದು ದಿನದಲ್ಲಿ ಹೋಗಿ ಬರುತ್ತೇನೆ ಎಂದು ಹೊರಟೆ. ಕಡಿಮೆ ದಿನ ಅಂದರೆ ಕಡಿಮೆ ಖರ್ಚು ಅಂದುಕೊಂಡಿದ್ದೆ. ಎರಡನೇ ದಿನ ರಾತ್ರಿ ಒಂಬತ್ತೂವರೆಗೆ ನಾಗಪುರ ಮುಟ್ಟಿದಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಮೊದಲು ಸಿಕ್ಕ ಲಾಡ್ಜಿನವರು ಕೇಳಿದ 1,800 ರೂಪಾಯಿ ಕೊಟ್ಟು ಮಲಗಿದೆ. ಚೌಕಾಸಿ ಮಾಡಲು ಶಕ್ತಿಯೇ ಉಳಿದಿರಲಿಲ್ಲ. ಮೂರನೇ ದಿನ ಮಧ್ಯಪ್ರದೇಶದ ಸಾಗರ್ ಊರಿನಲ್ಲಿ, ನಮ್ಮ ಶಿವಮೊಗ್ಗದ ಸಾಗರ ಅಲ್ಲ, ಜ್ವರ ಬಂತು. ಎರಡು ದಿನ ಅಲ್ಲೇ ಮಲಗಿ ವಾಪಸ್ ಬಂದೆ. ಎಂಟು ದಿನಕ್ಕೆ 19,000 ರೂಪಾಯಿ ಖರ್ಚಾಗಿತ್ತು. ಕಾಶ್ಮೀರ ನೋಡಿರಲಿಲ್ಲ.

ಎರಡನೇ ಸಲ 22 ದಿನ ಇಟ್ಟುಕೊಂಡು ಹೊರಟೆ. ಹೋಗಿಬಂದೆ. ಒಟ್ಟು ಖರ್ಚು 35,000 ರೂಪಾಯಿ. ಹಾಗಾಗಿ ದುಡ್ಡು ಕಡಿಮೆ ಇದ್ದವರಿಗೆ ನಾನು ಹೇಳುವುದು ಇಷ್ಟು: ದಿನ ಜಾಸ್ತಿ ಇಟ್ಟುಕೊಳ್ಳಿ. ಅವಸರ ಮಾಡಿದಷ್ಟೂ ದುಡ್ಡು ಸೋರುತ್ತದೆ. ಕೆಳಗಿನ ತಯಾರಿಯೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಮೂರು ತಿಂಗಳ ಮುಂಚೆ: ತಿಂಗಳು ಮತ್ತು ದಿನದ ಲೆಕ್ಕ

ಮೊದಲು ಯಾವಾಗ ಹೋಗಬೇಕು ಅಂತ ಗೊತ್ತು ಮಾಡಿಕೊಳ್ಳಿ. ಮೇ ತಿಂಗಳಲ್ಲಿ ನಾಗಪುರ, ಝಾನ್ಸಿ ಕಡೆ ಬಿಸಿಲು 45 ಡಿಗ್ರಿ ದಾಟುತ್ತದೆ. ಜುಲೈ, ಆಗಸ್ಟಿನಲ್ಲಿ ಜಮ್ಮು–ಶ್ರೀನಗರ ರಸ್ತೆಯ ರಾಮ್‌ಬನ್ ಸುತ್ತಮುತ್ತ ಗುಡ್ಡ ಕುಸಿದು ದಾರಿ ಮುಚ್ಚುತ್ತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹರಿಯಾಣ, ಪಂಜಾಬಿನಲ್ಲಿ ಎದುರಿನ ಲಾರಿ ಕಾಣದಷ್ಟು ಮಂಜು, ಮೇಲೆ ಹೋದರೆ ಹಿಮ.

ನನ್ನ ಪ್ರಕಾರ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಹೊರಟು ದೀಪಾವಳಿಗೆ ಮನೆ ಸೇರುವುದು ಒಳ್ಳೆಯದು. ಆಗ ಮಳೆ ಹಿಂದೆ ಸರಿದಿರುತ್ತದೆ, ಚಳಿ ಇನ್ನೂ ಕಚ್ಚುವುದಿಲ್ಲ. ನವರಾತ್ರಿಯಲ್ಲಿ ವೈಷ್ಣೋದೇವಿಗೆ ಬರುವ ಜನರಿಂದ ಜಮ್ಮು ಕಡೆ ರೂಮು ಸಿಗುವುದು ಕಷ್ಟ. ನಿಧಾನವಾಗಿ ಹೋದರೆ ನೀವು ಅಲ್ಲಿಗೆ ತಲುಪುವಷ್ಟರಲ್ಲಿ ಆ ಗದ್ದಲ ಮುಗಿದಿರುತ್ತದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಶ್ರೀನಗರದ ಹತ್ತಿರ ಪಾಂಪೋರ್ ಹೊಲಗಳಲ್ಲಿ ಕೇಸರಿ ಹೂ ಬಿಡುತ್ತದೆ, ಚಿನಾರ್ ಮರಗಳು ಕೆಂಪಾಗುತ್ತವೆ. ಹಬ್ಬ ತಡವಾಗಿ ಬರುವ ವರ್ಷದಲ್ಲಿ ಅದೂ ಕಣ್ಣಿಗೆ ಸಿಗುತ್ತದೆ.

ಇನ್ನು ದಿನದ ಲೆಕ್ಕ. ಶ್ರೀನಗರಕ್ಕೆ ಒಂದು ಕಡೆಗೆ ಸುಮಾರು 3,000 ಕಿಲೋಮೀಟರ್. ದಿನಕ್ಕೆ 300 ಸಾಕು. ಸಾದಾ ಬೈಕಿಗೆ ಗಂಟೆಗೆ 55–60ರ ವೇಗ ಹಿತವಾಗಿರುತ್ತದೆ. ಚಹಾ, ಊಟ, ಬೆನ್ನು ನೆಟ್ಟಗೆ ಮಾಡಲು ನಿಲ್ಲುವುದು ಎಲ್ಲ ಸೇರಿ 300 ಕಿ.ಮೀ.ಗೆ ಎಂಟು ಗಂಟೆ ಬೇಕು. ಬೆಳಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಎರಡು, ಮೂರು ಗಂಟೆಗೆ ಊರು ಸೇರುತ್ತೀರಿ. ನಾಲ್ಕು ಗಂಟೆ ಆದ ಮೇಲೆ ಗಾಡಿ ಓಡಿಸಬೇಡಿ. ಹಗಲಿನಲ್ಲೇ ಊರು ಸೇರಿದರೆ ನಾಲ್ಕು ಲಾಡ್ಜ್ ನೋಡಿ, ಬಾತ್‌ರೂಮ್ ನೋಡಿ, ದರ ಮಾತಾಡಿ ರೂಮು ಹಿಡಿಯಬಹುದು. ಕತ್ತಲಾದ ಮೇಲೆ ಬಂದವರಿಗೆ ಅವರು ಹೇಳಿದ್ದೇ ದರ.

ನನ್ನ ಮೊದಲ ಮೂರು ದಿನದ ನಿಲ್ದಾಣಗಳು ಕರ್ನೂಲು, ಕಾಮಾರೆಡ್ಡಿ, ಹಿಂಗನಘಾಟ್. ನಾಲ್ಕನೇ ದಿನ ಬೇಕೆಂದೇ ಕಡಿಮೆ ಇಟ್ಟಿದ್ದೆ. ನಾಗಪುರ ದಾಟಿ ಸಿವನಿಗೆ ಹೋಗುವ ದಾರಿ ಪೆಂಚ್ ಹುಲಿ ಕಾಡಿನ ನಡುವೆ ಹಾಯುತ್ತದೆ. ಪ್ರಾಣಿಗಳು ಕೆಳಗಿನಿಂದ ದಾಟಲಿ ಎಂದು ಅಲ್ಲಿ ರಸ್ತೆಯನ್ನೇ ಮೇಲಕ್ಕೆ ಎತ್ತಿ ಕಟ್ಟಿದ್ದಾರೆ. ಆ ಭಾಗವನ್ನು ಹಗಲಲ್ಲೇ ದಾಟಿ. ಪ್ರತಿ ಐದು ದಿನಕ್ಕೆ ಒಂದು ದಿನ ಗಾಡಿ ಮುಟ್ಟಬೇಡಿ. ಬಟ್ಟೆ ಒಗೆಯಿರಿ, ಮಲಗಿ, ಊರು ನೋಡಿ. ಝಾನ್ಸಿ ಇದಕ್ಕೆ ಚೆನ್ನಾಗಿದೆ. ಬೇತ್ವಾ ನದಿಯ ದಂಡೆಯ ಓರ್ಛಾ ಅಲ್ಲಿಂದ ಬರೀ ಹದಿನೆಂಟು ಕಿಲೋಮೀಟರ್.

ದುಡ್ಡಿನ ಲೆಕ್ಕ

ಒಂದು ನೋಟ್‌ಬುಕ್ ತೆಗೆದುಕೊಂಡು ಬರೆಯಿರಿ. ಬಾಯಿಲೆಕ್ಕ ಬೇಡ. ನನ್ನ ಲೆಕ್ಕ ಹೀಗಿತ್ತು.

ಪೆಟ್ರೋಲ್: ಹೋಗುವಾಗ ಸುತ್ತಾಟ ಸೇರಿ 3,300 ಕಿ.ಮೀ., ಬರುವಾಗ ದೆಹಲಿಯವರೆಗೆ 850. ಅಲ್ಲಿಂದ ನಾನೂ ಗಾಡಿಯೂ ರೈಲಿನಲ್ಲಿ ಬಂದೆವು. ಲೀಟರಿಗೆ 50 ಕಿ.ಮೀ. ಎಂದು ಹಿಡಿದರೆ 83 ಲೀಟರ್. ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲೀಟರಿಗೆ ನೂರು ರೂಪಾಯಿ ಚಿಲ್ಲರೆ ಹಿಡಿದು 8,500 ರೂಪಾಯಿ.

ಊಟ, ಚಹಾ: ದಿನಕ್ಕೆ 300ರಂತೆ 6,600.

ಮಲಗುವುದು: ರೈಲಿನ ರಾತ್ರಿಗಳನ್ನು ಬಿಟ್ಟು 19 ರಾತ್ರಿ. ಅದರಲ್ಲಿ 13 ರಾತ್ರಿ ಲಾಡ್ಜ್, ಸರಾಸರಿ 600. ಆರು ರಾತ್ರಿ ಗುರುದ್ವಾರ, ಹುಂಡಿಗೆ ದಿನಕ್ಕೆ ನೂರು. ಒಟ್ಟು 8,400.

ಗಾಡಿ ಸರ್ವೀಸ್ ಮತ್ತು ದಾರಿಯಲ್ಲಿ ಒಂದು ಸಲ ಆಯಿಲ್: 4,000. ವಾಪಸ್ ಬರಲು ನನ್ನ ಟಿಕೆಟ್ಟು, ಗಾಡಿಯ ಬಾಡಿಗೆ, ಪ್ಯಾಕಿಂಗಿಗೆ ಎತ್ತಿಟ್ಟದ್ದು 5,000. ಸಣ್ಣಪುಟ್ಟದ್ದಕ್ಕೆ 2,500.

ಇದರ ಹೊರಗೆ ಇನ್ನೂ 5,000 ರೂಪಾಯಿ ಬೇರೆ ಖಾತೆಯಲ್ಲಿ ಇರಲಿ. ಅದು ಇಲ್ಲ ಅಂತಲೇ ತಿಳಿಯಿರಿ. ಆಸ್ಪತ್ರೆ, ಗಾಡಿ ಕೈಕೊಡುವುದು, ಇವೆರಡಕ್ಕೆ ಮಾತ್ರ ಮುಟ್ಟಬೇಕು.

ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕಿಗೆ ಟೋಲ್ ಇಲ್ಲ. ಆದರೆ ಆಗ್ರಾದಿಂದ ದೆಹಲಿ ಕಡೆಗೆ ಹೋಗುವ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೂ ದುಡ್ಡು ಕಟ್ಟಬೇಕು. ಮೊಬೈಲ್ ನಕ್ಷೆ ಬೇಗ ಆಗುತ್ತದೆ ಎಂದು ಅದೇ ದಾರಿ ತೋರಿಸಬಹುದು. ನೀವು ಮಥುರಾ, ಪಲವಲ್ ಮೇಲೆ ಹೋಗುವ 44ರಲ್ಲೇ ಇರಿ. ಇಲ್ಲಿ ಚಹಾ ಅಂಗಡಿಯೂ ಸಿಗುತ್ತದೆ, ಪಂಕ್ಚರ್ ಅಂಗಡಿಯೂ ಸಿಗುತ್ತದೆ.

ಎರಡು ತಿಂಗಳ ಮುಂಚೆ: ಗಾಡಿ

ಹೊಸ ಗಾಡಿ, ದೊಡ್ಡ ಗಾಡಿ ಬೇಕಿಲ್ಲ. ದೇಶದ ಯಾವ ಹಳ್ಳಿಯಲ್ಲಿ ನಿಂತರೂ ಬಿಡಿಭಾಗ ಸಿಗುವ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಬಲ್ಲ ಗಾಡಿ ಬೇಕು. 100ರಿಂದ 125 ಸಿಸಿಯ ಸಾದಾ ಬೈಕುಗಳು ಅಂಥವು.

ಸರ್ವೀಸಿಗೆ ಬಿಟ್ಟು ಬರಬೇಡಿ. ಪಕ್ಕದಲ್ಲೇ ಕೂತುಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನನಗೆ ಗಾಡಿಯ ಬಗ್ಗೆ ಗೊತ್ತಿರುವ ಅರ್ಧ ವಿಷಯ ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣ ಒಂದು ಮಧ್ಯಾಹ್ನ ಹೇಳಿಕೊಟ್ಟದ್ದು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿಸಿ, ಚೈನಿನ ಕೆಳಗಿನ ಎಳೆಯ ನಡುವಿಗೆ ನನ್ನ ಬೆರಳು ಇಡಿಸಿದರು. "ಎತ್ತಿ ನೋಡು, ಒಂದು ಇಂಚು ಆಡಬೇಕು. ಈಗ ಚಕ್ರ ಸ್ವಲ್ಪ ತಿರುಗಿಸು, ಮತ್ತೆ ಎತ್ತು." ಮೂರು ಕಡೆ ಎತ್ತಿಸಿದರು. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಇತ್ತು. "ಇದು ಎಳೆದುಹೋಗಿದೆ ಕಣೋ. ಎಷ್ಟು ಬಿಗಿ ಮಾಡಿದರೂ ಅಷ್ಟೇ. ಕರ್ನೂಲು ದಾಟೋ ಹೊತ್ತಿಗೆ ಸದ್ದು ಶುರುವಾಗುತ್ತೆ." ಚೈನು, ಸ್ಪ್ರಾಕೆಟ್ ಎರಡನ್ನೂ ಒಟ್ಟಿಗೆ ಬದಲಾಯಿಸಿದೆವು. ಒಂದನ್ನೇ ಬದಲಾಯಿಸಿದರೆ ಹಳೆಯದು ಹೊಸದನ್ನು ಬೇಗ ತಿಂದುಹಾಕುತ್ತದೆ.

ಅವರು ಮಾಡಿಕೊಟ್ಟ ಇನ್ನೊಂದು ಉಪಾಯ ಕ್ಲಚ್ ವೈರಿನದು. ಹೊಸ ವೈರೊಂದನ್ನು ಹಳೆಯದರ ಪಕ್ಕದಲ್ಲೇ, ಅದೇ ದಾರಿಯಲ್ಲಿ ಹಾಯಿಸಿ, ಎರಡು ತುದಿಗೂ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿದರು. ಹಳೆಯದು ತುಂಡಾದರೆ ಟ್ಯಾಂಕ್ ಬಿಚ್ಚುವ ಕೆಲಸವಿಲ್ಲ. ತುದಿ ಬಿಚ್ಚಿ ಸಿಕ್ಕಿಸಿದರೆ ಹತ್ತು ನಿಮಿಷದಲ್ಲಿ ಗಾಡಿ ಹೊರಡುತ್ತದೆ. ನರಸಿಂಗಪುರದಿಂದ ಸ್ವಲ್ಪ ಮುಂದೆ, ಸುತ್ತ ಬರೀ ಹೊಲ ಇದ್ದ ಕಡೆ, ನನಗೆ ಇದು ಉಪಯೋಗಕ್ಕೆ ಬಂತು. ಅವತ್ತು ಅವರನ್ನು ನೆನೆಸಿಕೊಂಡಷ್ಟು ಬೇರೆ ಯಾರನ್ನೂ ನೆನೆಸಿಕೊಂಡಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಎರಡೂ ಬ್ರೇಕ್ ಶೂ ನೋಡಿಸಿ. ಹಿಂದಿನ ಟೈರ್ ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಬದಲಾಯಿಸಿ. ಬ್ಯಾಟರಿ, ಹೆಡ್‌ಲೈಟ್, ಹಾರ್ನ್ ಸರಿ ಇರಲಿ. ಎಂಜಿನ್ ಆಯಿಲ್ ಹೊಸದು ಹಾಕಿಸಿ, ದೆಹಲಿಯಲ್ಲಿ ಇನ್ನೊಮ್ಮೆ ಬದಲಾಯಿಸಿ. ಚೈನಿಗೆ ದುಬಾರಿ ಸ್ಪ್ರೇ ಬೇಕಿಲ್ಲ. 90 ನಂಬರ್ ಗೇರ್ ಆಯಿಲ್ ಒಂದು ಸಣ್ಣ ಬಾಟಲಿಯಲ್ಲಿ, ಜೊತೆಗೆ ಹಳೆಯ ಟೂತ್‌ಬ್ರಷ್. ಸಂಜೆ ಊರು ಸೇರಿದ ಕೂಡಲೇ ಚೈನ್ ಬಿಸಿ ಇರುವಾಗ ಹಚ್ಚಿ, ಬೆಳಗ್ಗೆ ಬಟ್ಟೆಯಿಂದ ಒರೆಸಿ. ಗಾಡಿಗೆ ಟ್ಯೂಬ್ ಇರುವ ಟೈರ್ ಆದರೆ ಹಿಂದಿನ ಚಕ್ರಕ್ಕೊಂದು ಹೊಸ ಟ್ಯೂಬ್ ಜೊತೆಗಿರಲಿ. ಮನೆಯಲ್ಲೇ ಒಮ್ಮೆ ಹಿಂದಿನ ಚಕ್ರ ಬಿಚ್ಚಿ ಹಾಕಿ. ಕೈಗೆ ಅಭ್ಯಾಸವಾದರೆ ದಾರಿಯಲ್ಲಿ ಎದೆ ಢವಗುಟ್ಟುವುದಿಲ್ಲ.

ಒಂದೂವರೆ ತಿಂಗಳ ಮುಂಚೆ: ಹಂಪಿಗೆ ಹೋಗಿಬನ್ನಿ

ಎರಡು ದಿನ ರಜೆ ಹಾಕಿ, ಶ್ರೀನಗರಕ್ಕೆ ಒಯ್ಯುವ ಲಗೇಜು ಪೂರ್ತಿ ಕಟ್ಟಿಕೊಂಡು ಹಂಪಿಗೆ ಹೋಗಿಬನ್ನಿ. ಹೋಗಿ ಬರಲು ಸುಮಾರು 600 ಕಿ.ಮೀ. ಆಗುತ್ತದೆ. ನಾಟಕಕ್ಕೆ ತಾಲೀಮು ಇದ್ದ ಹಾಗೆ ಇದು. ಮನೆಯಲ್ಲಿ ಎಷ್ಟು ಯೋಚಿಸಿದರೂ ಹೊಳೆಯದ್ದು ದಾರಿಯಲ್ಲಿ ಗೊತ್ತಾಗುತ್ತದೆ. ನನಗೆ ಗೊತ್ತಾದದ್ದು ಮೂರು. ಬ್ಯಾಗು ಎಡಕ್ಕೆ ವಾಲುತ್ತಿತ್ತು. ಹೆಲ್ಮೆಟ್ಟು ಎರಡು ಗಂಟೆಯ ಮೇಲೆ ಹಣೆ ಒತ್ತುತ್ತಿತ್ತು. ತಂದಿದ್ದ ಬಟ್ಟೆಯಲ್ಲಿ ಅರ್ಧ ಬ್ಯಾಗಿನಿಂದ ಹೊರಗೇ ಬರಲಿಲ್ಲ. ವಾಪಸ್ ಬಂದು ಹೆಲ್ಮೆಟ್ ಬದಲಾಯಿಸಿದೆ, ಆ ಬಟ್ಟೆಗಳನ್ನು ಬೀರುವಿಗೆ ಹಾಕಿದೆ.

ಹೆಲ್ಮೆಟ್ಟಿನಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಮುಖ ಪೂರ್ತಿ ಮುಚ್ಚುವ, ಐಎಸ್‌ಐ ಗುರುತಿನ ಹೆಲ್ಮೆಟ್ ಇರಲಿ. ಅಂಗಡಿಯಲ್ಲೇ ಹದಿನೈದು ನಿಮಿಷ ಹಾಕಿಕೊಂಡು ನಿಂತು ನೋಡಿ, ಆಮೇಲೆ ತೆಗೆದುಕೊಳ್ಳಿ.

ಎರಡು ವಾರದ ಮುಂಚೆ: ಕಾಗದ ಪತ್ರ, ಫೋನು

ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಸರ್ಟಿಫಿಕೇಟ್. ಈ ನಾಲ್ಕೂ ಪ್ರಯಾಣ ಮುಗಿಯುವ ದಿನದ ಆಚೆಗೂ ಚಾಲ್ತಿಯಲ್ಲಿವೆಯೇ ನೋಡಿ. ಬಹಳ ಜನ ಹೊಗೆಯದ್ದನ್ನು ಮರೆಯುತ್ತಾರೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೆ ಎಲ್ಲ ರಾಜ್ಯದಲ್ಲೂ ನಡೆಯುತ್ತದೆ. ಆದರೂ ನೆಟ್‌ವರ್ಕ್ ಇಲ್ಲದ ಕಡೆಗೆ ಜೆರಾಕ್ಸ್ ಒಂದು ಸೆಟ್ ಇರಲಿ. ಆಧಾರ್ ಜೆರಾಕ್ಸ್ ಹತ್ತು, ಹನ್ನೆರಡು ಬೇಕು, ಪ್ರತಿ ಲಾಡ್ಜಿನಲ್ಲೂ ಕೇಳುತ್ತಾರೆ. ಸುಮ್ನೆ ಸುತ್ತಾಡಿ ಬರಲು ಬೇರೆ ರಾಜ್ಯದ ಪರ್ಮಿಟ್ಟು, ಎನ್‌ಒಸಿ ಏನೂ ಬೇಡ. ಒಂದೇ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟುಕೊಂಡರೆ ಮಾತ್ರ ನಂಬರ್ ಬದಲಾಯಿಸುವ ಮಾತು ಬರುತ್ತದೆ.

ಇನ್ಶೂರೆನ್ಸಿನಲ್ಲಿ ಇನ್ನೊಂದು ಸಾಲು ಓದಿ. ಗಾಡಿ ಮಾಲೀಕರಿಗೇ ಅನ್ವಯಿಸುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನಿಮ್ಮ ಪಾಲಿಸಿಯಲ್ಲಿ ಇದೆಯೇ? ಒಬ್ಬರೇ ಹೋಗುವಾಗ ಇದು ಮನೆಯವರಿಗೆ ಧೈರ್ಯ.

ದೆಹಲಿಯಲ್ಲಿ ಹಳೆಯ ಗಾಡಿಗಳ ನಿಯಮ ಪದೇ ಪದೇ ಬದಲಾಗುತ್ತಿರುತ್ತದೆ. ನಿಮ್ಮ ಬೈಕು 15 ವರ್ಷದ ಹತ್ತಿರ ಇದ್ದರೆ ಹೊರಡುವ ವಾರದಲ್ಲಿ ಈ ವಿಷಯ ವಿಚಾರಿಸಿಕೊಂಡೇ ಹೊರಡಿ.

ಫೋನಿನ ವಿಷಯ ತುಂಬಾ ಮುಖ್ಯ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿನ ಗಡಿಯ ಊರು ಲಖನ್‌ಪುರ ದಾಟಿದ ಕೂಡಲೇ ಫೋನು ಸತ್ತುಹೋಗುತ್ತದೆ. ಪೋಸ್ಟ್‌ಪೇಯ್ಡ್ ಆದರೆ ತೊಂದರೆ ಇಲ್ಲ. ಹಾಗಾಗಿ ಎರಡು ವಾರ ಮುಂಚೆಯೇ ನಿಮ್ಮ ನಂಬರನ್ನು ಪೋಸ್ಟ್‌ಪೇಯ್ಡಿಗೆ ಬದಲಾಯಿಸಿ. ಇದನ್ನು ಮರೆತು, ಜಮ್ಮುವಿನಲ್ಲಿ ಊಟ ಮಾಡಿ ಯುಪಿಐ ಹೊಡೆಯಲಾಗದೆ ಪೇಚಾಡುತ್ತಿದ್ದ ಹುಬ್ಬಳ್ಳಿಯ ಹುಡುಗನೊಬ್ಬ ನನಗೆ ಸಿಕ್ಕಿದ್ದ. ಮನೆಯವರಿಗೂ ಮೂರು ದಿನದಿಂದ ಅವನ ಸುದ್ದಿ ಇರಲಿಲ್ಲ. ನನ್ನ ಫೋನಿನಿಂದ ಅವರ ಅಮ್ಮನಿಗೆ ಕರೆ ಮಾಡಿಕೊಟ್ಟಾಗ ಆ ಕಡೆಯಿಂದ ಒಂದು ನಿಮಿಷ ಬರೀ ಅಳುವೇ ಕೇಳಿಸಿತು.

ದಾರಿಯ ನಕ್ಷೆಯನ್ನು ಮನೆಯ ವೈಫೈಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಎರಡು ನಂಬರ್ ಬಾಯಿಪಾಠ ಇರಲಿ: ಎಲ್ಲ ತುರ್ತಿಗೆ 112, ಹೆದ್ದಾರಿಯಲ್ಲಿ ಅಪಘಾತವಾದರೆ ಅಥವಾ ಗಾಡಿ ನಿಂತರೆ 1033. ಒಂದು ಚೀಟಿಯಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ಮನೆಯವರ ಎರಡು ಫೋನ್ ನಂಬರ್, ತೆಗೆದುಕೊಳ್ಳುವ ಮಾತ್ರೆ, ಪಾಲಿಸಿ ನಂಬರ್ ಬರೆಯಿರಿ. ಕನ್ನಡದಲ್ಲಿ ಅಲ್ಲ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಲ್ಯಾಮಿನೇಟ್ ಮಾಡಿಸಿ ಒಂದನ್ನು ಜೇಬಿನಲ್ಲಿ, ಒಂದನ್ನು ಸೀಟಿನ ಕೆಳಗೆ ಇಡಿ.

ಮನೆಯವರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ. ಬೆಳಗ್ಗೆ ಹೊರಡುವಾಗ ಒಂದು ಮೆಸೇಜು, ಊರು ಸೇರಿದ ಮೇಲೆ ಒಂದು ಫೋನು. ಸಂಜೆ ಆರರವರೆಗೆ ಫೋನು ಬರದಿದ್ದರೆ ಅವರು ಏನು ಮಾಡಬೇಕು, ಯಾರಿಗೆ ಹೇಳಬೇಕು ಅನ್ನುವುದನ್ನೂ ಬರೆದುಕೊಡಿ. ನಮ್ಮಮ್ಮ ಆ ಚೀಟಿಯನ್ನು ದೇವರ ಮನೆಯಲ್ಲಿ ಇಟ್ಟಿದ್ದರು.

ಲಗೇಜು

ಒಂದೇ ಬ್ಯಾಗು, ಹತ್ತು ಕೆಜಿ ಒಳಗೆ. ಎರಡು ಪ್ಯಾಂಟು, ಮೂರು ಟೀ ಶರ್ಟು, ಒಳಬಟ್ಟೆ, ಸ್ವೆಟರ್, ಉಣ್ಣೆ ಟೋಪಿ, ಗ್ಲೌಸು, ರೇನ್‌ಕೋಟು. ಅಕ್ಟೋಬರಿನಲ್ಲಿ ಶ್ರೀನಗರದ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ದುಬಾರಿ ಜಾಕೆಟ್ ಇಲ್ಲದಿದ್ದರೆ ಸ್ವೆಟರಿನ ಮೇಲೆ ಎದೆಗೆ ನಾಲ್ಕು ಮಡಿಕೆ ದಿನಪತ್ರಿಕೆ ಇಟ್ಟು ರೇನ್‌ಕೋಟ್ ಹಾಕಿ. ಗಾಳಿ ಒಳಗೆ ನುಗ್ಗುವುದಿಲ್ಲ.

ಮಳೆಗೆ ಬ್ಯಾಗಿನ ಕವರ್ ನಂಬಬೇಡಿ. ಬಟ್ಟೆಯನ್ನೆಲ್ಲ ಮೊದಲು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆಮೇಲೆ ಬ್ಯಾಗಿಗೆ ಹಾಕಿ. ಕಟ್ಟಲು ಹಳೆಯ ಸೈಕಲ್ ಟ್ಯೂಬ್ ಬಳಸಿ. ಸೈಕಲ್ ಅಂಗಡಿಯಲ್ಲಿ ಪಂಕ್ಚರಾದ ಟ್ಯೂಬ್ ಕೇಳಿದರೆ ಬಿಟ್ಟಿಯಾಗಿ ಕೊಡುತ್ತಾರೆ. ಉದ್ದಕ್ಕೆ ಕತ್ತರಿಸಿ ಎರಡು ಬೆರಳ ಅಗಲದ ಪಟ್ಟಿ ಮಾಡಿ. ಹಗ್ಗ ನೂರು ಕಿಲೋಮೀಟರಿಗೆ ಸಡಿಲವಾಗುತ್ತದೆ. ಟ್ಯೂಬಿನ ಪಟ್ಟಿ ಎಳೆದು ಕಟ್ಟಿದರೆ ಗುಂಡಿಗೆ ಬಿದ್ದರೂ ಬ್ಯಾಗು ಅಲ್ಲಾಡುವುದಿಲ್ಲ. ಬ್ಯಾಗು ಸೀಟಿನ ಅಗಲಕ್ಕಿಂತ ಜಾಸ್ತಿ ಹೊರಗೆ ಚಾಚದಿರಲಿ.

ಔಷಧಿ: ಜ್ವರದ ಮಾತ್ರೆ, ಓಆರ್‌ಎಸ್ ಪುಡಿ, ಬ್ಯಾಂಡೇಜು, ಗಾಯಕ್ಕೆ ಮುಲಾಮು, ನಿಮ್ಮ ದಿನದ ಮಾತ್ರೆಗಳು. ದುಡ್ಡು ಮೂರು ಕಡೆ ಹಂಚಿಡಿ. ಜೇಬಿನಲ್ಲಿ ದಿನದ ಖರ್ಚಿನದು, ಬ್ಯಾಗಿನ ಒಳಗೆ ಎರಡು ಸಾವಿರ, ಸೀಟಿನ ಕೆಳಗೆ ಒಂದು ಸಾವಿರ. ಐವತ್ತು, ನೂರರ ನೋಟು ಜಾಸ್ತಿ ಇರಲಿ.

ಊಟ

ಹೊಟ್ಟೆ ಕೆಟ್ಟರೆ ಲೆಕ್ಕವೆಲ್ಲ ಕೆಡುತ್ತದೆ. ನನ್ನ ಮಧ್ಯಾಹ್ನದ ಊಟ ಬಹುತೇಕ ದಿನ ಒಂದೇ ಆಗಿತ್ತು: ಮನೆಯಿಂದ ತಂದ ಅವಲಕ್ಕಿ. ತೆಳು ಅವಲಕ್ಕಿ ಎರಡು ಕೆಜಿ, ಒಂದು ಡಬ್ಬಿ ಚಟ್ನಿಪುಡಿ, ಒಂದು ಬಾಟಲಿ ಪುಳಿಯೋಗರೆ ಗೊಜ್ಜು. ಊರಿನ ಅಂಗಡಿಯಲ್ಲಿ ಗಟ್ಟಿ ಮೊಸರು ಕೊಂಡು, ಸ್ಟೀಲ್ ಡಬ್ಬಿಯಲ್ಲಿ ಅವಲಕ್ಕಿಗೆ ಸುರಿದು, ಚಟ್ನಿಪುಡಿ ಉದುರಿಸಿ, ಮರದ ನೆರಳಲ್ಲಿ ಹತ್ತು ನಿಮಿಷ ಬಿಟ್ಟರೆ ಊಟ ಸಿದ್ಧ. ಖರ್ಚು ಮೊಸರಿನದು ಮಾತ್ರ. ಹೊಟ್ಟೆ ಭಾರವಾಗುವುದಿಲ್ಲ, ಮಧ್ಯಾಹ್ನ ನಿದ್ದೆ ಎಳೆಯುವುದಿಲ್ಲ. ಮೊಸರು ಬೇಡ ಅನಿಸಿದ ದಿನ ನೀರು ಚಿಮುಕಿಸಿ ಗೊಜ್ಜು ಕಲಸುತ್ತಿದ್ದೆ. ಜೊತೆಗೆ ಹುರಿಗಡಲೆ, ಬೆಲ್ಲ.

ರಾತ್ರಿ ಊಟ ಚೆನ್ನಾಗಿ ಮಾಡಿ. ಲಾರಿಗಳು ಸಾಲಾಗಿ ನಿಂತಿರುವ ಧಾಬಾ ನೋಡಿ ಹೋಗಿ, ದಾಲ್, ರೊಟ್ಟಿ ಬಿಸಿಬಿಸಿ ಸಿಗುತ್ತದೆ. ನೀರು ಎರಡು ಲೀಟರ್ ಯಾವಾಗಲೂ ಗಾಡಿಯಲ್ಲಿರಲಿ. ಪೆಟ್ರೋಲ್ ಬಂಕಿನಲ್ಲಿ ಕುಡಿಯುವ ನೀರು, ಶೌಚಾಲಯ, ಟೈರಿಗೆ ಗಾಳಿ ಬಿಟ್ಟಿಯಾಗಿ ಕೊಡಬೇಕು. ಸಂಕೋಚ ಪಡಬೇಡಿ, ಕೇಳಿ.

ಮಲಗುವ ಜಾಗ

ಬಸ್‌ ಸ್ಟ್ಯಾಂಡ್, ರೈಲ್ವೇ ಸ್ಟೇಷನ್ ಹತ್ತಿರದ ಸಣ್ಣ ಲಾಡ್ಜುಗಳು, ದೇವಸ್ಥಾನದ ಊರುಗಳಲ್ಲಿ ಧರ್ಮಶಾಲೆ. ರೂಮು ಹಿಡಿಯುವ ಮುಂಚೆ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ಗೇಟಿನ ಒಳಗೆ ಜಾಗ ಇಲ್ಲದಿದ್ದರೆ ನೂರು ರೂಪಾಯಿ ಕಡಿಮೆ ಅಂದರೂ ಬೇಡ.

ಒಬ್ಬರೇ ಹೋಗುವವರಿಗೆ ಗುರುದ್ವಾರದಂಥ ಜಾಗ ಇನ್ನೊಂದಿಲ್ಲ. ಗ್ವಾಲಿಯರ್ ಕೋಟೆಯ ಮೇಲೆ ದಾತಾ ಬಂದೀ ಛೋಡ್ ಗುರುದ್ವಾರ, ದೆಹಲಿಯಲ್ಲಿ ಬಂಗ್ಲಾ ಸಾಹಿಬ್, ಅಮೃತಸರದಲ್ಲಿ ಸ್ವರ್ಣ ಮಂದಿರ. ಜಲಂಧರದಲ್ಲಿ 44 ಬಿಟ್ಟು ಅಮೃತಸರಕ್ಕೆ ಸುಮಾರು 80 ಕಿ.ಮೀ. ಅಲ್ಲಿಂದ ಬಟಾಲಾ, ಗುರುದಾಸಪುರದ ಮೇಲೆ ಪಠಾಣ್‌ಕೋಟಿಗೆ ಹೋಗಿ ಮತ್ತೆ 44 ಸೇರಬಹುದು. ನಮ್ಮ ಬೀದರಿನ ನಾನಕ್ ಝೀರಾ ನೋಡಿದವರಿಗೆ ಅಲ್ಲಿನ ರೀತಿ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಲೆಗೆ ಬಟ್ಟೆ ಕಟ್ಟಬೇಕು, ಚಪ್ಪಲಿ ಬಿಟ್ಟು ಕಾಲು ತೊಳೆಯಬೇಕು. ಬೀಡಿ, ಸಿಗರೇಟು, ಗುಟ್ಕಾ, ಮದ್ಯ ಹತ್ತಿರವೂ ಇರಬಾರದು. ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಬಿಟ್ಟಿಯಾಗಿ ಬಡಿಸುವ ಊಟದ ಮನೆಯಲ್ಲಿ, ಸಾಲಾಗಿ ನೆಲದ ಮೇಲೆ ಕೂತು, ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ತಟ್ಟೆಯಲ್ಲಿ ಬಿಡಬಾರದು. ಊಟವಾದ ಮೇಲೆ ತಟ್ಟೆ ತೊಳೆಯುವ ಕಡೆ ಅರ್ಧ ಗಂಟೆ ಕೈಜೋಡಿಸಿ. ಗ್ವಾಲಿಯರಿನಲ್ಲಿ ನಾನು ತಟ್ಟೆ ತೊಳೆಯುತ್ತಿದ್ದಾಗ ಪಕ್ಕದಲ್ಲಿದ್ದ ವಯಸ್ಸಾದ ಸರದಾರರೊಬ್ಬರು ಗಾಡಿ ನಂಬರ್ ನೋಡಿ, ಅಷ್ಟು ದೂರದಿಂದ ಬಂದಿದ್ದೀಯಾ ಎಂದು ಕೇಳಿ, ಬೂದಿ ಮೆತ್ತಿದ ಕೈಯಲ್ಲೇ ನನ್ನ ಬೆನ್ನು ತಟ್ಟಿದರು. ಶರ್ಟಿನ ಮೇಲೆ ಆ ಐದು ಬೆರಳ ಗುರುತು ಮಾರನೇ ದಿನದವರೆಗೂ ಇತ್ತು.

ಅಲ್ಲಿ ಕೋಣೆ ಸಿಗುತ್ತದೆ ಎಂದು ಗ್ಯಾರಂಟಿ ಇಲ್ಲ. ಯಾತ್ರಿಕರು ಜಾಸ್ತಿ ಇದ್ದ ದಿನ ಹಾಲಿನಲ್ಲಿ ಚಾಪೆ ಹಾಕಿ ಮಲಗಬೇಕು. ಬಿಟ್ಟಿ ಎಂದು ವಾರಗಟ್ಟಲೆ ಇರುವ ಜಾಗ ಅಲ್ಲ ಅದು. ನಿಮ್ಮ ಕೈಲಾದಷ್ಟು ಹುಂಡಿಗೆ ಹಾಕಿ.

ಹೆಣ್ಣುಮಕ್ಕಳು ಒಬ್ಬರೇ ಹೋಗುವುದಾದರೆ ನಾಲ್ಕು ಗಂಟೆಯ ಬದಲು ಎರಡು ಗಂಟೆಗೇ ಊರು ಸೇರುವ ಲೆಕ್ಕ ಇರಲಿ. ನನ್ನ ಅಕ್ಕನ ಮಗಳು ಹೋದಾಗ ಪ್ರತಿ ರಾತ್ರಿಯ ರೂಮನ್ನೂ ಹಿಂದಿನ ದಿನವೇ ಫೋನಿನಲ್ಲಿ ಗೊತ್ತು ಮಾಡಿಕೊಳ್ಳುತ್ತಿದ್ದಳು. ಕುಟುಂಬಗಳು ಇಳಿದುಕೊಳ್ಳುವ ಲಾಡ್ಜ್ ಅಥವಾ ಗುರುದ್ವಾರ ಮಾತ್ರ. ಬಾಗಿಲಿಗೆ ಒಳಗಿನಿಂದ ಹಾಕಲು ಒಂದು ಸಣ್ಣ ಮರದ ಬೆಣೆ ಅವಳ ಬ್ಯಾಗಿನಲ್ಲಿತ್ತು. ದಾರಿಯಲ್ಲಿ ಯಾರಾದರೂ ಕೇಳಿದರೆ, ಹಿಂದೆ ನಾಲ್ಕು ಗಾಡಿ ಬರುತ್ತಿದೆ ಎನ್ನುತ್ತಿದ್ದಳು.

ಕೊನೆಯ ಬೆಟ್ಟದ ದಾರಿ, ಮತ್ತು ವಾಪಸ್ ಬರುವುದು

ಜಮ್ಮುವಿನಿಂದ ಶ್ರೀನಗರ ಸುಮಾರು 260 ಕಿ.ಮೀ. ಚೆನಾನಿ–ನಾಶ್ರಿ ಸುರಂಗ 9 ಕಿ.ಮೀ., ಬನಿಹಾಲ್–ಕಾಜಿಗುಂಡ್ ಸುರಂಗ 8.5 ಕಿ.ಮೀ. ಇವೆರಡೂ ಆದ ಮೇಲೆ ದಾರಿ ತುಂಬಾ ಸುಲಭವಾಗಿದೆ. ಆದರೆ ನಡುವೆ ರಾಮ್‌ಬನ್ ಭಾಗ ಇನ್ನೂ ಹುಷಾರಿನದು. ಜಮ್ಮು ಕಾಶ್ಮೀರದ ಟ್ರಾಫಿಕ್ ಪೊಲೀಸರು ಈ ರಸ್ತೆಯ ಸ್ಥಿತಿಯನ್ನು ದಿನಾ ತಿಳಿಸುತ್ತಾರೆ. ಅದನ್ನು ನೋಡದೆ ಗಾಡಿ ಎತ್ತಬೇಡಿ. ಹಿಂದಿನ ರಾತ್ರಿ ಉಧಮ್‌ಪುರದಲ್ಲಿ ಉಳಿದು ಬೆಳಕು ಹರಿದ ಕೂಡಲೇ ಹೊರಡಿ. ಗುಡ್ಡ ಒದ್ದೆ ಇರುವ ಕಡೆ ಫೋಟೋಗೆ ನಿಲ್ಲಬೇಡಿ. ಕಣಿವೆಗೆ ಇಳಿದ ಮೇಲೆ ಸಂಗಮ್ ಹತ್ತಿರ ವಿಲ್ಲೋ ಮರದ ಕ್ರಿಕೆಟ್ ಬ್ಯಾಟಿನ ಅಂಗಡಿಗಳು ರಸ್ತೆಯ ಎರಡೂ ಕಡೆ ಸಿಗುತ್ತವೆ. ನಿಲ್ಲುವುದಾದರೆ ಅಲ್ಲಿ ನಿಲ್ಲಿ.

ಬಂದ ದಾರಿಯಲ್ಲೇ 3,000 ಕಿ.ಮೀ. ವಾಪಸ್ ಓಡಿಸಿದರೆ ಪೆಟ್ರೋಲ್, ಊಟ, ರೂಮು ಎಲ್ಲ ಇನ್ನೊಮ್ಮೆ. ನಾನು ದೆಹಲಿಯವರೆಗೆ ಓಡಿಸಿ, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಸ್ಲೀಪರಿನಲ್ಲಿ ಬಂದೆ, ಗಾಡಿಯೂ ರೈಲಿನಲ್ಲೇ ಬಂತು. ಟಿಕೆಟ್ ಇದ್ದವರು ಗಾಡಿಯನ್ನು ಲಗೇಜ್ ಎಂದು ಬುಕ್ ಮಾಡಬಹುದು. ಹಿಂದಿನ ದಿನವೇ ಪಾರ್ಸೆಲ್ ಆಫೀಸಿಗೆ ಹೋಗಿ ವಿಚಾರಿಸಿ. ಆರ್‌ಸಿ, ಗುರುತಿನ ಚೀಟಿ, ಟಿಕೆಟ್ ಮೂರರ ಜೆರಾಕ್ಸ್ ಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಒಂದು ಹನಿಯೂ ಇರಬಾರದು. ಹಾಗಾಗಿ ಕೊನೆಯ ನೂರು ಕಿಲೋಮೀಟರಿಗೆ ಲೆಕ್ಕ ಹಾಕಿ ಹಾಕಿಸಿ. ಗೋಣಿ, ಹುಲ್ಲು ಸುತ್ತಿ ಪ್ಯಾಕ್ ಮಾಡುವವರು ಹೊರಗೇ ಇರುತ್ತಾರೆ. ಮೊದಲೇ ದರ ಮಾತಾಡಿ. ಕನ್ನಡಿಗಳನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ಸ್ಲೀಪರ್ ಟಿಕೆಟ್ ಮಾತ್ರ ಮನೆ ಬಿಡುವ ಮುಂಚೆಯೇ ಮಾಡಿಸಿ, ದೀಪಾವಳಿ ಹತ್ತಿರ ಸಿಗುವುದಿಲ್ಲ.

ಹೊರಡುವ ಹಿಂದಿನ ದಿನ

ಸಂಜೆಯೇ ಟ್ಯಾಂಕ್ ತುಂಬಿಸಿ. ಗಾಡಿಗೆ ಬ್ಯಾಗು ಕಟ್ಟಿ ಬೀದಿಯಲ್ಲಿ ಎರಡು ಸುತ್ತು ಹೊಡೆದು, ಮತ್ತೆ ಬಿಚ್ಚಿ ಒಳಗಿಡಿ. ಒಂಬತ್ತಕ್ಕೆ ಮಲಗಿ. ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿಸಿ. ಆರಕ್ಕೆ ಹೊರಟರೆ ಏಳರ ಹೊತ್ತಿಗೆ ಬಾಗೇಪಲ್ಲಿ. ಅಲ್ಲಿ ಬೇಡವೆನಿಸಿದರೂ ನಿಲ್ಲಿ. ಇಳಿದು ಒಂದು ಚಹಾ ಕುಡಿಯಿರಿ. ಬ್ಯಾಗಿನ ಟ್ಯೂಬ್ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿ, ಸಡಿಲವಾಗಿದ್ದರೆ ಬಿಗಿ ಮಾಡಿ. ಚೈನಿನ ಕಡೆ ಒಮ್ಮೆ ಬಗ್ಗಿ ನೋಡಿ. ಮನೆಗೆ ಮೆಸೇಜ್ ಹಾಕಿ. ಸ್ವಲ್ಪ ದೂರ ಹೋದರೆ ಆಂಧ್ರ ಶುರುವಾಗುತ್ತದೆ.